ಮಕ್ಕಳಿಗಿಂತ ಮೊದಲು ನಾವು ಸಮುದ್ರಕ್ಕಿಳಿದೆವು

ಡಿಸೆಂಬರ್ ಹತ್ತಿರವಾದರೆ ದಾವಣಗೆರೆಯ ಶಾಲೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ದಾರಿ ಹೆಚ್ಚುಕಡಿಮೆ ಎಲ್ಲ ಶಾಲೆಗಳದ್ದೂ ಒಂದೇ: ಜೋಗ, ಇಡಗುಂಜಿ, ಮುರುಡೇಶ್ವರ, ಗೋಕರ್ಣ. ಇನ್ನೊಂದು ದಿನ ಸಿಕ್ಕರೆ ಉಡುಪಿ, ಧರ್ಮಸ್ಥಳ. ನಮ್ಮ ಮಕ್ಕಳಲ್ಲಿ ಬಹುಪಾಲು ಜನ ಸಮುದ್ರವನ್ನು ಮೊದಲ ಸಲ ನೋಡುವುದು ಈ ಬಸ್ಸಿನಿಂದ ಇಳಿದಾಗಲೇ. ಇಳಿದವರೇ ಓಡುತ್ತಾರೆ. ಅವರ ಹಿಂದೆ ಶಿಕ್ಷಕರಾದ ನಾವೂ ಓಡುತ್ತೇವೆ.

2024ರ ಡಿಸೆಂಬರ್‌ನಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸ ಬಂದಿದ್ದ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಸುದ್ದಿ ಬಂದ ಮರುದಿನ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಅವರದ್ದೂ ಬಯಲುಸೀಮೆ, ನಮ್ಮದೂ ಬಯಲುಸೀಮೆ. ಅದೇ ತೀರ, ಅದೇ ತಿಂಗಳು, ಅದೇ ವಯಸ್ಸಿನ ಹೆಣ್ಣುಮಕ್ಕಳು. ಮುಂದಿನ ಪ್ರವಾಸದ ಅನುಮತಿ ಪತ್ರಕ್ಕೆ ನಮ್ಮ ಶಾಲೆ ಒಂದು ಸಾಲು ಸೇರಿಸಿತು: ಯಾವ ಕಾರಣಕ್ಕೂ ಮಕ್ಕಳನ್ನು ನೀರಿಗೆ ಇಳಿಸುವುದಿಲ್ಲ.

ಆ ಸಾಲು ಬೇಕಾದದ್ದೇ. ಆದರೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಅಷ್ಟು ಸಾಕೆನಿಸಲಿಲ್ಲ. ಸಮುದ್ರ ಯಾಕೆ ಎಳೆಯುತ್ತದೆ, ತೀರದ ಯಾವ ಭಾಗದಲ್ಲಿ ಎಳೆಯುತ್ತದೆ, ಎಳೆದರೆ ಏನು ಮಾಡಬೇಕು ಎಂದು ಮಗುವೊಂದು ಕೇಳಿದರೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಇದೇ ಮಾತು ನಮ್ಮ ದೈಹಿಕ ಶಿಕ್ಷಣ ಶಿಕ್ಷಕಿಗೂ ಕೊರೆಯುತ್ತಿತ್ತು. “ಮೇಡಂ, ಮೊದಲು ನಾವಿಬ್ಬರು ಹೋಗಿ ಕಲಿತು ಬರೋಣ” ಎಂದವರು ಅವರೇ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಮುಳುಗುವ ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ, ಮೂಲ್ಕಿಯಲ್ಲಿ ಹಲಗೆಯ ಮೇಲೆ ನಿಂತು ಅಲೆಯ ಜೊತೆ ಸಾಗುವ ಸರ್ಫಿಂಗ್ ಕಲಿಸುತ್ತಾರೆ. ಒಂದರಿಂದ ನೀರಿನ ಒಳಗು, ಇನ್ನೊಂದರಿಂದ ನೀರಿನ ಮೇಲ್ಮೈ ಎರಡೂ ಅರ್ಥವಾಗುತ್ತವೆ ಎಂಬುದು ಅವರ ಲೆಕ್ಕ. ಒಪ್ಪಿಕೊಂಡೆ.

ತಯಾರಿ ಶುರುವಾದದ್ದು ದಾವಣಗೆರೆಯ ಈಜುಕೊಳದಲ್ಲಿ, ಮಹಿಳೆಯರಿಗೆಂದು ಮೀಸಲಿಟ್ಟ ಹೊತ್ತಿನಲ್ಲಿ. ಜೊತೆಗಾರ ಶಿಕ್ಷಕಿಗೆ ಈಜು ಚೆನ್ನಾಗಿ ಬರುತ್ತಿತ್ತು. ಚನ್ನಗಿರಿ ಕಡೆಯವರು, ಸೂಳೆಕೆರೆಯ ನೀರು ನೋಡಿ ಬೆಳೆದವರು. ನನ್ನದು ಅರೆಬರೆ ಈಜು. ನಮ್ಮ ಕಡೆ ಗಂಡುಮಕ್ಕಳು ಭದ್ರಾ ನಾಲೆಗೆ ಹಾರಿ ಹಾರಿ ಈಜು ಕಲಿಯುತ್ತಾರೆ, ಹೆಣ್ಣುಮಕ್ಕಳು ದಂಡೆಯ ಮೇಲೆ ಬಟ್ಟೆ ಒಗೆಯುತ್ತ ನೋಡುತ್ತಿರುತ್ತಾರೆ. ಈ ಅಂತರದ ಬೆಲೆ ಎಷ್ಟು ದೊಡ್ಡದು ಎಂದು ನಾವು ಯಾವತ್ತೂ ಕೂತು ಯೋಚಿಸಿಲ್ಲ. ತರಬೇತುದಾರರ ಜೊತೆ ಒಮ್ಮೆ ಮುಳುಗಿ ನೋಡುವ ಡೈವಿಂಗಿಗೆ ಈಜು ಕಡ್ಡಾಯವಲ್ಲ ಎಂದು ಫೋನಿನಲ್ಲಿ ಹೇಳಿದ್ದರು. ಆದರೂ ನೀರಿನಲ್ಲಿ ಮುಖವಿಟ್ಟು ಗಾಬರಿಯಾಗದೆ ಇರುವುದನ್ನು, ಬೆನ್ನಿನ ಮೇಲೆ ಸುಮ್ಮನೆ ತೇಲುವುದನ್ನು ಅಭ್ಯಾಸ ಮಾಡಿದೆ. ಮುಂದೆ ಎರಡೂ ಕಡೆ ಕೆಲಸಕ್ಕೆ ಬಂದದ್ದು ಈ ತೇಲುವುದೇ.

ಮೊಬೈಲಿಗೆ ಆರೋಗ್ಯದ ಪ್ರಶ್ನೆಗಳ ಫಾರಂ ಬಂತು. ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ಮೂರ್ಛೆ ಬಂದದ್ದಿದೆಯೇ, ಕಿವಿಗೆ ಶಸ್ತ್ರಚಿಕಿತ್ಸೆ ಆಗಿದೆಯೇ, ಗರ್ಭಿಣಿಯೇ. ಯಾವುದಕ್ಕಾದರೂ ಹೌದು ಎಂದರೆ ವೈದ್ಯರ ಪತ್ರ ಬೇಕು. ಇದನ್ನು ಓದದೆ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುವವರನ್ನು ಮುಂದೆ ಮುರುಡೇಶ್ವರದಲ್ಲಿ ಕಣ್ಣಾರೆ ಕಂಡೆ. ದಯವಿಟ್ಟು ಹಾಗೆ ಮಾಡಬೇಡಿ. ನನಗೆ ಧೂಳಿಗೆ ಮೂಗು ಕಟ್ಟುವ ತೊಂದರೆ ಇದೆ. ಹತ್ತಿ, ಮಂಡಕ್ಕಿ, ಭತ್ತದ ಹೊಟ್ಟಿನ ಊರಿನಲ್ಲಿ ಅದು ಹೊಸದಲ್ಲ. ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಹೋದೆ. ಗಂಟಲಿನಿಂದ ಕಿವಿಯ ಒಳಭಾಗಕ್ಕೆ ಹೋಗುವ ಸಣ್ಣ ನಾಳ ತೆರೆದುಕೊಳ್ಳುತ್ತಿದೆಯೇ ಎಂದು ಪರೀಕ್ಷಿಸಿದರು. “ನೆಗಡಿ ಇದ್ದ ದಿನ ಮಾತ್ರ ನೀರಿಗಿಳಿಯಬೇಡಿ, ಎಷ್ಟು ದುಡ್ಡು ಕಟ್ಟಿದ್ದರೂ ಸರಿ” ಎಂದರು.

ಮನೆಯಲ್ಲಿ ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಏನು ಹಾಕಿಕೊಳ್ಳುತ್ತೀಯ?” ಹಲವು ಹೆಂಗಸರು ಮನಸ್ಸಿದ್ದೂ ಹಿಂದೆ ಸರಿಯುವುದು ಇದೇ ಕಾರಣಕ್ಕೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಉದ್ದ ತೋಳಿನ ಈಜುಡುಪು, ಅದರ ಮೇಲೆ ಅವರು ಕೊಡುವ ದಪ್ಪ ರಬ್ಬರಿನಂಥ ವೆಟ್‌ಸೂಟ್. ಮೈ ತುಂಬ ಮುಚ್ಚುತ್ತದೆ, ಚಳಿ ತಡೆಯುತ್ತದೆ, ಬಂಡೆ ತರಚದಂತೆ ಕಾಯುತ್ತದೆ. ಸೀರೆ, ಚೂಡಿದಾರ್, ದುಪಟ್ಟಾ ತೊಟ್ಟು ಅಲೆಗೆ ಇಳಿಯುವುದಕ್ಕಿಂತ ಇದು ಎಷ್ಟೋ ಪಾಲು ಸುರಕ್ಷಿತ. ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದ ನೀರಿನಲ್ಲೂ ಏಳಲಾಗುವುದಿಲ್ಲ.

ಹರಿಹರ, ಹೊನ್ನಾಳಿ, ಶಿವಮೊಗ್ಗ, ಸಾಗರ, ಮಾವಿನಗುಂಡಿ. ಅಲ್ಲಿಂದ ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ. ಹೊನ್ನಾಳಿಯವರೆಗೆ ಜೊತೆಗಿರುವ ತುಂಗಭದ್ರೆ ನಮಗೆ ಬೆನ್ನು ಹಾಕಿ ಪೂರ್ವಕ್ಕೆ ಹೊರಟಿರುತ್ತಾಳೆ. ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿ ಸೇರುವವಳು ಅವಳು. ಸಾಗರ ದಾಟಿದ ಮೇಲೆ ಶರಾವತಿ ಪಶ್ಚಿಮಕ್ಕೆ, ನಾವು ಹೊರಟ ಕಡಲಿಗೇ ಹರಿಯುತ್ತಾಳೆ. ಹತ್ತನೇ ತರಗತಿಯಲ್ಲಿ ನಕ್ಷೆಯ ಮೇಲೆ ತೋರಿಸುವ ಈ ನೀರು ಇಬ್ಭಾಗವಾಗುವ ಜಾಗವನ್ನು ಬಸ್ಸಿನ ಕಿಟಕಿಯಿಂದ ಮಕ್ಕಳಿಗೆ ತೋರಿಸಬೇಕು ಎಂದು ಗುರುತು ಹಾಕಿಕೊಂಡೆ.

ಮುರುಡೇಶ್ವರ ಸಣ್ಣ ಊರು. ಮೂರು ಕಡೆ ನೀರು ಸುತ್ತಿದ ಕಂದುಕಗಿರಿ, ಅದರ ಮೇಲೆ 123 ಅಡಿ ಎತ್ತರದ ಶಿವ, ಮುಂದೆ ಇಪ್ಪತ್ತು ಅಂತಸ್ತಿನ ರಾಜಗೋಪುರ. ಗೋಪುರದ ನೆರಳಿನಲ್ಲೇ ದೋಣಿಗಳು, ಒಣಮೀನಿನ ವಾಸನೆ, ಎಳನೀರಿನ ಗಾಡಿಗಳು, ‘ಸ್ಕೂಬಾ’ ಎಂದು ಬರೆದ ಫಲಕಗಳು. ಭಕ್ತರು ಮತ್ತು ಡೈವರ್‌ಗಳು ಒಂದೇ ಹೋಟೆಲಿನಲ್ಲಿ ಇಡ್ಲಿ ತಿನ್ನುವ ಊರು ನಮ್ಮ ರಾಜ್ಯದಲ್ಲಿ ಬೇರೆ ಯಾವುದಿದೆಯೋ ನಾನು ಕಂಡಿಲ್ಲ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಬಿಡುವುದಿಲ್ಲ. ಮಳೆ ಮುಗಿದ ಮೇಲೆ, ಅಕ್ಟೋಬರ್‌ನಿಂದ ಮೇ ತಿಂಗಳ ನಡುವೆ ಬರಬೇಕು. ಮಳೆ ಕಳೆದು ಕೆಸರು ತಳಕ್ಕಿಳಿದ ನಂತರ ನೀರು ತಿಳಿಯಾಗುತ್ತದೆ.

ಬೆಳಿಗ್ಗೆ ಬೇಗ ದೋಣಿ ಹತ್ತಬೇಕು. ಹೊರಡುವ ಮುನ್ನ ಎರಡು ಇಡ್ಲಿಗಿಂತ ಹೆಚ್ಚು ಬೇಡ ಎಂದು ದೋಣಿಯವರು ಎಚ್ಚರಿಸಿದರು. ದ್ವೀಪ ಸುಮಾರು 19 ಕಿಲೋಮೀಟರ್ ದೂರ. ಅಲೆಯ ಮೇಲೆ ಒಂದು ಗಂಟೆಗೂ ಮೀರಿದ ಪ್ರಯಾಣ. ಡೀಸೆಲ್ ವಾಸನೆಗೆ ಮತ್ತು ಕುಲುಕಾಟಕ್ಕೆ ಕೆಲವರ ಹೊಟ್ಟೆ ತೊಳಸಿತು. “ಅಕ್ಕಾ, ದೋಣಿಯೊಳಗೆ ನೋಡಬೇಡಿ, ದೂರದ ಗೆರೆ ನೋಡಿ” ಎಂದರು ಚುಕ್ಕಾಣಿ ಹಿಡಿದ ಹಿರಿಯರು. ಕಣ್ಣು ಹೇಳುವುದಕ್ಕೂ ಒಳಗಿವಿ ಹೇಳುವುದಕ್ಕೂ ತಾಳೆಯಾಗದೆ ಇದ್ದಾಗ ಬರುವ ಸಂಕಟ ಅದು. ಕದಲದ ದಿಗಂತದ ಮೇಲೆ ಕಣ್ಣು ನೆಟ್ಟರೆ ಎರಡಕ್ಕೂ ಹೊಂದಾಣಿಕೆಯಾಗುತ್ತದೆ. ಕಾರಣ ನನಗೆ ಗೊತ್ತಿತ್ತು, ಉಪಾಯ ಅವರಿಗೆ ಗೊತ್ತಿತ್ತು.

ನೇತ್ರಾಣಿಯ ಮೇಲೆ ಜನವಸತಿ ಇಲ್ಲ. ಪಾರಿವಾಳ ದ್ವೀಪ ಎಂದೂ ಕರೆಯುತ್ತಾರೆ. ಕಡಿದಾದ ಬಂಡೆ, ನೆತ್ತಿಯ ಮೇಲೆ ಹಸಿರು, ಮೇಲೆ ಸುತ್ತುವ ಬಿಳಿ ಹೊಟ್ಟೆಯ ಕಡಲ ಹದ್ದುಗಳು. ಈ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದಿದೆ. ಹವಳ ಮತ್ತು ಹದ್ದಿನ ಗೂಡುಗಳಿರುವ ಜಾಗ ಇದು, ಬಿಟ್ಟುಬಿಡಿ ಎಂದು ಪರಿಸರದ ಪರವಾಗಿ ದನಿ ಎತ್ತಿದವರೂ ಇದ್ದಾರೆ. ದ್ವೀಪಕ್ಕೆ ನಮ್ಮನ್ನು ಇಳಿಸಲಿಲ್ಲ. ಬಂಡೆಯ ಮರೆಯಲ್ಲಿ ದೋಣಿ ಲಂಗರು ಹಾಕಿ ನಿಂತಿತು.

ಪಾಠ ಶುರುವಾಯಿತು. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕವಲ್ಲ, ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ನಮ್ಮ ಮಕ್ಕಳೆಲ್ಲ ಪರೀಕ್ಷೆಯಲ್ಲಿ ‘ಆಮ್ಲಜನಕದ ಸಿಲಿಂಡರ್’ ಎಂದೇ ಬರೆಯುತ್ತಾರೆ. ಬಾಯಲ್ಲಿ ಕಚ್ಚಿ ಹಿಡಿಯುವ ರೆಗ್ಯುಲೇಟರ್ ನಾವು ಎಳೆದಾಗ ಮಾತ್ರ, ಆ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ತೋ ಮತ್ತು ಎಮಿಲ್ ಗಾಞಾನ್ ಈ ಉಪಕರಣವನ್ನು ರೂಪಿಸಿದ ಮೇಲೆಯೇ ನಮ್ಮಂಥ ಸಾಮಾನ್ಯರು ನೀರೊಳಗೆ ಉಸಿರಾಡುವುದು ಸಾಧ್ಯವಾಯಿತು. ಮುಖದ ಮಾಸ್ಕಿಗೆ ನೀರು ನುಗ್ಗಿದರೆ ಮೇಲಂಚನ್ನು ಹಣೆಗೊತ್ತಿ ಮೂಗಿನಿಂದ ಜೋರಾಗಿ ಉಸಿರು ಬಿಡಬೇಕು. ದಪ್ಪ ಮೀಸೆಯವರಿಗೆ ಮಾಸ್ಕ್ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ನಮ್ಮ ದೋಣಿಯಲ್ಲಿದ್ದ ರಾಣೆಬೆನ್ನೂರಿನ ಯಜಮಾನರೊಬ್ಬರು ಇದರಿಂದ ಬಹಳ ಕಷ್ಟಪಟ್ಟರು.

ಸನ್ನೆಗಳನ್ನು ಮತ್ತೆ ಮತ್ತೆ ಮಾಡಿಸಿದರು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ‘ಸರಿಯಾಗಿದ್ದೇನೆ’. ಅಂಗೈ ಚಪ್ಪಟೆ ಮಾಡಿ ಅತ್ತಿತ್ತ ಆಡಿಸಿದರೆ ‘ತೊಂದರೆ ಇದೆ’. ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಮೊಬೈಲಿನಲ್ಲಿ ದಿನವಿಡೀ ಹೆಬ್ಬೆರಳು ಒತ್ತುವವರು ಇದನ್ನು ಮರೆತು ಖುಷಿಗೆ ಹೆಬ್ಬೆರಳು ತೋರಿಸುತ್ತಾರೆ, ತರಬೇತುದಾರರು ಅವರನ್ನು ಕೂಡಲೇ ಮೇಲೆ ತರುತ್ತಾರೆ.

ಒಂದು ನಿಯಮವನ್ನು ಮಾತ್ರ ತರಬೇತುದಾರರು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: “ಏನೇ ಆಗಲಿ ಮೇಡಂ, ಉಸಿರು ಹಿಡಿಯಬೇಡಿ. ಎಳೆಯುತ್ತಿರಿ, ಬಿಡುತ್ತಿರಿ.” ಕಾರಣ ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುವ ಬಾಯ್ಲ್‌ನ ನಿಯಮ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ, ಗಾಳಿಯ ಗಾತ್ರ ಅರ್ಧವಾಗುತ್ತದೆ. ಅಲ್ಲಿ ಎದೆ ತುಂಬ ಎಳೆದ ಗಾಳಿಯನ್ನು ಬಿಗಿಹಿಡಿದು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶಕ್ಕೆ ಅಷ್ಟು ಜಾಗವಿಲ್ಲ. ಮೇಲ್ಮೈಗೆ ಹತ್ತಿರವಿರುವ ಹತ್ತು ಮೀಟರಿನಲ್ಲಿಯೇ ಈ ಬದಲಾವಣೆ ಅತಿ ಹೆಚ್ಚು. ಅಂದರೆ ಆಳವಿಲ್ಲ ಎಂದು ಧೈರ್ಯ ಮಾಡುವ ಜಾಗದಲ್ಲೇ ಎಚ್ಚರ ಬೇಕು.

ದೋಣಿಯ ಅಂಚಿನಿಂದ ನೀರಿಗಿಳಿದು, ಲಂಗರಿನ ಹಗ್ಗ ಹಿಡಿದು ಮುಖ ಮುಳುಗಿಸಿದೆ. ಮೊದಲ ಉಸಿರಿಗೆ ಮೈ ಒಪ್ಪಲಿಲ್ಲ. ನೀರಿನೊಳಗೆ ಉಸಿರೆಳೆಯಬಾರದು ಎಂಬುದನ್ನು ದೇಹ ಹುಟ್ಟಿನಿಂದ ಕಲಿತಿದೆ, ಅದನ್ನು ಒಂದು ನಿಮಿಷದಲ್ಲಿ ಬಿಡು ಎಂದರೆ ಹೇಗೆ ಬಿಟ್ಟೀತು? ಎದೆ ಹೊಡೆದುಕೊಂಡಿತು. ತರಬೇತುದಾರರು ಅವಸರಪಡಿಸಲಿಲ್ಲ. ತಮ್ಮ ಕೈಯನ್ನು ನಿಧಾನ ಮೇಲೆ ಕೆಳಗೆ ಆಡಿಸಿ ಉಸಿರಿನ ಲಯ ತೋರಿಸಿದರು. ಆ ಕೈಯನ್ನೇ ನೋಡುತ್ತ ಉಸಿರಾಡಿದೆ. ಒಳಗೆ ಹೋಗುವಾಗ ಸುಯ್ ಎಂಬ ಸದ್ದು, ಹೊರಗೆ ಬರುವಾಗ ಗುಳುಗುಳು. ಸ್ವಲ್ಪ ಹೊತ್ತಿಗೆ ಆ ಸದ್ದೇ ಧೈರ್ಯವಾಯಿತು.

ಇಳಿಯತೊಡಗಿದ ಒಂದೆರಡು ಮೀಟರಿಗೇ ಕಿವಿ ಒತ್ತಿತು. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ಒಳಗೆ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ನೋವು ಬರುವ ಮೊದಲೇ, ಪ್ರತಿ ಮೀಟರಿಗೂ ಇದನ್ನು ಮಾಡಬೇಕು. ನನ್ನ ಎಡಗಿವಿ ಒಮ್ಮೆ ಹಟ ಹಿಡಿಯಿತು. ಅಂಗೈ ಆಡಿಸಿ ಕಿವಿ ತೋರಿಸಿದೆ. ಸ್ವಲ್ಪ ಮೇಲೆ ಕರೆತಂದರು, ಬಿಟ್ಟಿತು, ಮತ್ತೆ ಇಳಿದೆವು.

ಆಮೇಲೆ ಹವಳ ಕಂಡಿತು. ಬಂಡೆಗಳ ಮೈಗೆ ಅಂಟಿಕೊಂಡು, ಕೆಲವು ಗುಂಡಗೆ, ಕೆಲವು ಕವಲೊಡೆದು. ಅವು ಗಿಡವಲ್ಲ, ಲಕ್ಷಾಂತರ ಸಣ್ಣ ಪ್ರಾಣಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ. ಅಲ್ಲಲ್ಲಿ ಬಿಳಿಚಿದ ತುಣುಕುಗಳೂ ಇದ್ದವು. ನೀರು ಬಿಸಿಯಾದಾಗ ತಮ್ಮೊಳಗೆ ಬದುಕುವ ಪಾಚಿಯನ್ನು ಹವಳ ಹೊರಹಾಕಿ ಬಿಳಿಚುತ್ತದೆ ಎಂದು ಪಾಠ ಮಾಡಿದ್ದೇನೆ. ಎದುರಿಗೆ ನೋಡುವಾಗ ಗಂಟಲು ಕಟ್ಟಿತು. ಗಿಳಿಮೀನೊಂದು ಬಂಡೆಯನ್ನು ಕಟಕಟ ಕಡಿಯುತ್ತಿತ್ತು. ಆ ಸದ್ದು ನಿಜಕ್ಕೂ ಕೇಳುತ್ತದೆ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಓಡುವುದರಿಂದ ಯಾವ ದಿಕ್ಕಿನಿಂದ ಬಂತೆಂದು ಮಾತ್ರ ಗೊತ್ತಾಗದು. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಜೋಡಿಯಾಗಿ ಹೋದವು. ಬಿಲದಿಂದ ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುತ್ತಿದ್ದ ಹಾವುಮೀನು ನಮ್ಮನ್ನು ದಿಟ್ಟಿಸಿತು. ಅದು ಹೆದರಿಸುತ್ತಿರಲಿಲ್ಲ, ಉಸಿರಾಡುತ್ತಿತ್ತು. ಮಾಸ್ಕಿನ ಗಾಜಿನ ಮೂಲಕ ಎಲ್ಲವೂ ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವ ಕಾರಣ ಕೈಚಾಚಿದರೆ ಸಿಗುತ್ತದೆ ಎನಿಸುತ್ತದೆ. ಚಾಚಬಾರದು. ಹವಳವನ್ನು ಮುಟ್ಟಿದರೆ ಅದಕ್ಕೆ ಪೆಟ್ಟು. ಕಲ್ಲಿನಂತೆಯೇ ಕಾಣುವ ವಿಷದ ಮುಳ್ಳಿನ ಕಲ್ಲುಮೀನನ್ನು ಮುಟ್ಟಿದರೆ ನಮಗೆ ಪೆಟ್ಟು.

ಜೊತೆಗಾರ ಶಿಕ್ಷಕಿಯ ಕೆಂಪು ಉಡುಪು ಅಲ್ಲಿ ಮಾಸಲು ಕಂದಾಗಿತ್ತು. ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನು. ನಾನು ಅವರ ತೋಳು ತೋರಿಸಿದೆ, ಅವರೂ ನೋಡಿಕೊಂಡರು, ಇಬ್ಬರೂ ಮಾಸ್ಕಿನೊಳಗೇ ನಕ್ಕು ನೀರು ಕುಡಿದೆವು. ಎಂಟು ಮೀಟರಿನ ಆಸುಪಾಸಿನಲ್ಲಿ ಇದ್ದದ್ದು ಅರ್ಧ ಗಂಟೆಗೂ ಕಡಿಮೆ. ಹಿಂತಿರುಗುವಾಗ ನಮ್ಮ ಗುಳ್ಳೆಗಳಿಗಿಂತ ನಿಧಾನವಾಗಿ ಏರಿಸಿದರು.

ಅಂದೇ ಸಂಜೆ ಊರಿಗೆ ಹೊರಡುವ ಆಸೆ ರಾಣೆಬೆನ್ನೂರಿನವರಿಗಿತ್ತು. ತರಬೇತುದಾರರು ಬೇಡವೆಂದರು. ಒತ್ತಡದಲ್ಲಿ ಉಸಿರಾಡಿದಾಗ ಹೆಚ್ಚುವರಿ ಸಾರಜನಕ ರಕ್ತದಲ್ಲಿ ಕರಗಿರುತ್ತದೆ, ಅದು ನಿಧಾನವಾಗಿ ಹೊರಹೋಗಬೇಕು. ಒಮ್ಮೆ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು ಎಂಬುದು ಡೈವಿಂಗಿನವರ ನಿಯಮ. ಬೆಟ್ಟ ಏರುವುದಕ್ಕೂ ಇದೇ ಎಚ್ಚರಿಕೆ. ಆ ಲೆಕ್ಕ ಶುರುವಾಗುವುದೇ ಸುಮಾರು 600 ಮೀಟರ್ ಎತ್ತರದಿಂದ. ದಾವಣಗೆರೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಘಟ್ಟದ ಮೇಲಿನಿಂದ ಬರುವವರು ಇದನ್ನು ತಿಳಿದಿರಬೇಕು. ರಾತ್ರಿ ಅಲ್ಲೇ ಉಳಿಯುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ಮರುದಿನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ, ಭಟ್ಕಳ, ಮರವಂತೆ, ಉಡುಪಿ ದಾಟಿ ಮೂಲ್ಕಿ. ಶಾಂಭವಿ ನದಿ ಕಡಲು ಸೇರುವ ಈ ಊರಿನಲ್ಲಿ 2004ರಲ್ಲೇ ಸರ್ಫಿಂಗ್ ಕ್ಲಬ್ ಶುರುವಾಯಿತು. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರೀಯ ಸ್ಪರ್ಧೆಯೂ ನಡೆದಿದೆ. ಇಲ್ಲಿ ಜೊತೆಗಾರ ಶಿಕ್ಷಕಿಯದೇ ಮೇಲುಗೈ. ಮರಳಿನ ಮೇಲೆ ಹಲಗೆ ಇಟ್ಟು, ಬೋರಲು ಮಲಗಿ, ಅಂಗೈ ಊರಿ, ಒಂದೇ ನೆಗೆತಕ್ಕೆ ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡಿಸಿದರು. ನೀರಿಗಿಳಿದ ಮೇಲೆ ಅವರು ನಿಂತೇ ದಡಕ್ಕೆ ಬಂದರು. ನಾನು ಮೊಣಕಾಲ ಮೇಲೆ ಬಂದೆ, ಅದೂ ದೊಡ್ಡ ಸಂತೋಷವೇ.

ನಾನು ಹುಡುಕಿಕೊಂಡು ಬಂದ ಉತ್ತರ ಸಿಕ್ಕಿದ್ದು ಈ ತೀರದಲ್ಲಿ. ನೀರಿಗಿಳಿಯುವ ಮೊದಲು ಸರ್ಫಿಂಗ್ ಕಲಿಸುವ ಹುಡುಗ ನಮ್ಮನ್ನು ಸುಮ್ಮನೆ ನಿಲ್ಲಿಸಿ ಸಮುದ್ರ ನೋಡಲು ಹೇಳಿದ. “ಅಕ್ಕಾ, ಎಲ್ಲಿ ಇಳಿಯುತ್ತೀರಿ, ತೋರಿಸಿ.” ಎಡಬಲಕ್ಕೆ ಅಲೆ ಒಡೆದು ನೊರೆಯಾಗುತ್ತಿತ್ತು. ನಡುವೆ ಒಂದು ಪಟ್ಟಿಯಲ್ಲಿ ಅಲೆಯೇ ಇಲ್ಲ, ನೀರು ಶಾಂತವಾಗಿ, ತುಸು ಕಪ್ಪಾಗಿತ್ತು. ಮಕ್ಕಳನ್ನು ಕರೆತಂದ ಯಾವ ಶಿಕ್ಷಕರಾದರೂ ತೋರಿಸುವುದು ಆ ಶಾಂತ ಜಾಗವನ್ನೇ. ನಾವೂ ಅದನ್ನೇ ತೋರಿಸಿದೆವು. “ಅದೇ ಸೆಳೆತ” ಎಂದ ಹುಡುಗ.

ಅಲೆಗಳು ದಡಕ್ಕೆ ತಂದು ರಾಶಿ ಹಾಕಿದ ನೀರು ವಾಪಸು ಹೋಗಲೇಬೇಕು. ತುಂಬಿದ ಗದ್ದೆಯ ನೀರು ಬದು ಒಡೆದ ಕಡೆಯಿಂದಲೇ ರಭಸವಾಗಿ ಹರಿಯುವ ಹಾಗೆ, ಇದೂ ಮರಳದಿಬ್ಬದ ನಡುವೆ ತಗ್ಗಿರುವ ಕಡೆ ನುಗ್ಗಿ ಕಡಲಿನತ್ತ ಓಡುತ್ತದೆ. ಅಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ, ಹಾಗಾಗಿ ಶಾಂತವಾಗಿ ಕಾಣುತ್ತದೆ. ಇದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದೆರಡು ಅಡಿ. ಜೋರಾದಾಗ ಎಂಟು ಅಡಿ ಮುಟ್ಟುತ್ತದೆ, ಒಲಿಂಪಿಕ್ಸ್ ಈಜುಗಾರರೂ ಅದಕ್ಕೆದುರಾಗಿ ಈಜಲಾರರು. ಆದರೆ ಈ ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಎಳೆಯುತ್ತದೆ. ಜನ ಸಾಯುವುದು ದಡ ಕಾಣುತ್ತಿದೆಯಲ್ಲ ಎಂದು ಅದಕ್ಕೆ ನೇರ ಎದುರಾಗಿ ಈಜಿ ಸುಸ್ತಾಗಿ. ಮಾಡಬೇಕಾದದ್ದು ಇಷ್ಟು: ಗಾಬರಿ ಬಿಟ್ಟು ತೇಲುವುದು, ಕೈ ಎತ್ತಿ ಕೂಗುವುದು, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಪಟ್ಟಿಯಿಂದ ಹೊರಬಿದ್ದು ಆಮೇಲೆ ನೊರೆಯ ಅಲೆಗಳ ಜೊತೆ ಓರೆಯಾಗಿ ದಡಕ್ಕೆ ಬರುವುದು. ಮುಳುಗುತ್ತಿರುವವರನ್ನು ಉಳಿಸಲು ಬರಿಗೈಯಲ್ಲಿ ಹಾರಬಾರದು. ತೇಲುವ ವಸ್ತು ಎಸೆಯಬೇಕು.

ಸರ್ಫಿಂಗಿನವರು ಆಳಕ್ಕೆ ಹೋಗಲು ಇದೇ ಸೆಳೆತವನ್ನು ಬಳಸಿಕೊಳ್ಳುತ್ತಾರೆ. ಹಲಗೆಯ ಮೇಲೆ ಮಲಗಿಸಿ, ಕಾಲಿಗೆ ಹಗ್ಗ ಕಟ್ಟಿ, ಹುಡುಗ ತಾನು ಹಿಡಿದುಕೊಂಡೇ ನಮ್ಮನ್ನು ಅದರ ಅಂಚಿಗೆ ಒಯ್ದ. ಕೈ ಆಡಿಸದೆಯೇ ದಡ ಹಿಂದೆ ಸರಿಯತೊಡಗಿತು. ಪಕ್ಕಕ್ಕೆ ಹುಟ್ಟು ಹಾಕಿದಂತೆ ಕೈ ಬೀಸಿದೆವು, ಹೊರಬಂದೆವು. ಮತ್ತೆ ಒಳಗೆ ಹೋಗಿ ಮತ್ತೆ ಹೊರಬಂದೆವು. ಆ ಎಳೆತ ಎಷ್ಟು ಮೃದುವಾಗಿತ್ತೆಂದರೆ, ಆಟದ ಗುಂಗಿನಲ್ಲಿರುವ ಮಗುವಿಗೆ ತಿಳಿಯುವುದೇ ಇಲ್ಲ. ಮುಳಬಾಗಿಲಿನ ಆ ಹೆಣ್ಣುಮಕ್ಕಳು ಅಲ್ಲೇ ಕಣ್ಣ ಮುಂದೆ ಬಂದರು. ಹಲಗೆಯ ಮೇಲೆ ಮಲಗಿಯೇ ಅತ್ತೆ.

ಊರಿಗೆ ಬಂದ ಮೇಲೆ ಪೋಷಕರ ಸಭೆಯಲ್ಲಿ ಕಪ್ಪುಹಲಗೆಯ ಮೇಲೆ ದಡ, ದಿಬ್ಬ, ಸೆಳೆತದ ಪಟ್ಟಿ ಬರೆದು ತೋರಿಸಿದೆ. ಅನುಮತಿ ಪತ್ರದ ಹಳೆಯ ಸಾಲು ಹಾಗೆಯೇ ಇದೆ, ಇರಲಿ. ಪ್ರವಾಸಕ್ಕೆ ಬರುವ ಪ್ರತಿ ಮಗುವಿಗೂ ಹೊರಡುವ ಮುನ್ನ ಒಂದು ತರಗತಿ ಪೂರ್ತಿ ಸಮುದ್ರದ ಪಾಠ ಎಂದು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಜೀವರಕ್ಷಕರು ಕೆಲಸದಲ್ಲಿರುವ ಹೊತ್ತಿನಲ್ಲಿ ಮಾತ್ರ ತೀರಕ್ಕೆ ಹೋಗುವುದೆಂದು ವೇಳಾಪಟ್ಟಿ ಬದಲಾಗಿದೆ. ಎಂಟನೇ ತರಗತಿಯ ಹುಡುಗಿಯರಿಗೆ ವಾರಕ್ಕೆ ಎರಡು ದಿನ ಈಜುಕೊಳದಲ್ಲಿ ಸಮಯ ಕೊಡಿ ಎಂದು ಜೊತೆಗಾರ ಶಿಕ್ಷಕಿ ಅರ್ಜಿ ಬರೆದರು. ಸಭೆ ಮುಗಿದ ಮೇಲೆ ಇಬ್ಬರು ತಾಯಂದಿರು ಬಂದು, ತಾವೂ ಬರಬಹುದೇ ಎಂದು ಕೇಳಿದರು. ಅವರ ಹೆಸರನ್ನೂ ಸೇರಿಸಿ ಅರ್ಜಿ ಕೊಟ್ಟಿದ್ದೇವೆ.